ಎಕ್ಸ್‌ರೇ ಮಾರಿ

…ಅಲ್ಲ, ಅದನ್ನು ಪೆಟ್ಟಿಗೆಗೆ ಹಾಕ್ಬೇಡ ಮಾರಾಯ್ತಿ, ಇಲ್ಲಿ ಕೊಡು ಅಂತ ಎಷ್ಟು ಸಲ ಹೇಳುದು ನಾನು? ಬೇರೆ ಗೊಂಬೆ ಎಲ್ಲ ಇಡು. ಪ್ಲೇಗಿನ ಇನ್‌ಸ್ಪೆಕ್ಟರನ್ನು ಇಡು, ಕಲ್ಯಾಣ ಸ್ಟೇಷನ್ನಿನ ರೈಲನ್ನು ಇಡು, ಆ ಸಿಡುಬಿನ ಅಜ್ಜಿಯನ್ನು ಇಡು. ಈ ಮಾರಿ ಒಂದನ್ನು ನನ್ನ ಕೈಗೆ ಕೊಡು. ಅದರ ಸೊಂಟ ಸರಿ ತಿರುಗುದಿಲ್ಲ. ನಿನ್ನೆ ಡೊಂಬಿವಲಿಯಲ್ಲಿ ರಿಹರ್ಸಲ್ ಆಗುವಾಗ ನೀನೇ ನೋಡಿದ್ದಿಯಲ್ಲ, ನಾನು ಕೋಲು ಎಳೆದ್ರೆ ಅದು ಅಲ್ಲೇ ನಿಂತುಬಿಟ್ಟಿತು... ನೋಡಿದ್ದಿ ಅಲ್ವಾ? ಇಲ್ವಾ?

ಎಂತ ಹಾಗೆ ನೋಡ್ತಿ? ಅಮ್ಮನಿಗೆ ತಲೆ ಕೆಟ್ಟಿದೆ ಅಂತಲಾ? ಕೆಡ್ಲಿ. ಶೋ ಇರುದು ಆರು ಗಂಟೆಗೆ, ನೌಪಾಡಾದಲ್ಲಿ. ಟೆಂಪೋ ಈ ಸಾನಪಾಡಾಕ್ಕೆ ಬರುದು ಎರಡಕ್ಕೆ. ಈಗ ಹನ್ನೊಂದು ಕೂಡ ಆಗ್ಲಿಲ್ಲ. ಮೂರು ಗಂಟೆ ಸಾಕು ನನಗೆ. ಹೊಸ ಲಂಗ ಕತ್ತರಿಸಿ, ತೂತು ಹೊಡೆದು, ಹೊಲಿದು ಕೊಡ್ತೇನೆ. ಸಂಘದವರು ಕೊಟ್ಟ ಹಳೇ ಎಕ್ಸ್‌ರೇ ಅಟ್ಟದಲ್ಲಿ ಒಂದು ಕಟ್ಟು ಬಿದ್ದುಂಟು. ಯಾರದ್ದೋ ಮೊಣಕಾಲು, ಯಾರದ್ದೋ ದವಡೆ... ಮೊಣಕಾಲಿನದ್ದೇ ಮಾಡುವ! ಕ್ಷಯದ ಮಾರಿಗೆ ಮೊಣಕಾಲಿನ ಲಂಗ! ಹೆಹೆ... ಚಂದ ಅಲ್ವಾ?

ನಗುದಿಲ್ಲ ನೀನು. ನಿನ್ನೆ ರಾತ್ರಿ ಮನೆಗೆ ಬಂದಲ್ಲಿಂದ ನಗ್ಲಿಲ್ಲ, ಮಾತಾಡ್ಲಿಲ್ಲ. ದೋಸೆ ಎರಡು ಹಾಕಿಟ್ಟೆ, ಅದು ತಣ್ಣಗಾಗಿ ಕೂತುಂಟು. ಶೋ ದಿನ ಹೆದರಿಕೆ ಆಗ್ತದೆ, ನನಗೂ ಆಗ್ತದೆ. ಅದಕ್ಕೆ ಊಟ ಬಿಡುದಾ? ಒಂದು ಕಾಲದಲ್ಲಿ ತೂಕ ಮೂವತ್ತೆಂಟಕ್ಕೆ ಇಳಿದವಳು ನೀನು, ಗೊತ್ತುಂಟಲ್ಲ?

ಬೇಡ ಅದು ಈಗ. ಬಿಡು.

ಅಲ್ಲ, ಅಮೃತಪ್ಪ ಮೇಷ್ಟ್ರು ಬೈತಾರೆ ಅಂತ ಹೆದರಿಕೆಯಾ ನಿನಗೆ? ಅವರಿಗೆ ನಾನು ಫೋನ್ ಮಾಡ್ತೇನೆ. ಪಾಪ, ಅವರ ಅಜ್ಜ ಬಾಗಲಕೋಟೆ ಕಡೆ ಆಡಿನ ತೊಗಲಲ್ಲಿ ಗೊಂಬೆ ಕತ್ತರಿಸ್ತಿದ್ದರಂತೆ. ಇವರು ಕಲ್ಯಾಣದಲ್ಲಿ ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ಇದ್ದು, ರಿಟೈರ್ ಆದ ಮೇಲೆ ನಮಗೆ ಕಲಿಸ್ಲಿಕ್ಕೆ ಬಂದರು. ಮೊದಲ ದಿನ ಎಂತ ಹೇಳಿದ್ದು ನೆನಪುಂಟಾ? "ಉಮಾವತಿ ಅಕ್ಕಾರ, ತೊಗಲಿಗಿಂತ ಈ ಎಕ್ಸ್‌ರೇ ಫಿಲ್ಮ್ ಭಾಳ ಛಲೋ ಐತ್ರಿ, ಬೆಳಕ ಸಲೀಸ ಹಾಯತೈತಿ." ಮತ್ತೆ ನನ್ನ ಕೈಯನ್ನು ಹೊಗಳಿದರು, ಇಷ್ಟು ನಯ ಕೈ ಯಾರದ್ದೂ ಇಲ್ಲ ಅಂತ. ಮತ್ತೆ? ನಲ್ವತ್ತು ಜನಕ್ಕೆ ಆಗುವಷ್ಟು ಈರುಳ್ಳಿ ಒಂದೇ ಸಮ ಕೊಚ್ಚಿದ ಕೈ ಇದು! ಪಕ್ಕೆಲುಬನ್ನೇ ಲಂಗದ ನೆರಿಗೆ ಮಾಡುವ ಅಂತ ಹೇಳಿದ್ದು ಯಾರು? ನಾನು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ನನ್ನ ಕೆನ್ನೆಗೆ ಮುತ್ತು ಕೊಟ್ಟಿದ್ದಿ.

ಆ ಮೆಚ್ಚುಗೆಯಲ್ಲಿ ನಾನು ಸ್ವಲ್ಪ ಎಚ್ಚರ ತಪ್ಪಿದೆ ಕಾಣ್ತದೆ.

ಎಂತಕ್ಕೆ ಎಚ್ಚರ? ಎಂತಕ್ಕೂ ಇಲ್ಲ. ಸೊಂಟಕ್ಕೆ. ಸೊಂಟದ ಹೊಲಿಗೆಗೆ.

ಸರಿ, ಒಂದು ಮಾತು ಹೇಳು. ನಿನ್ನೆ ನೀನು ಎಲ್ಲಿ ಕೂತಿದ್ದಿ? ಎದುರಿನ ಸಾಲಿನಲ್ಲಾ? ಅಲ್ಲ, ಸುಮ್ಮನೆ ಕೇಳಿದ್ದು. ನಾನು ಪರದೆಯ ಹಿಂದೆ ಕೂತು ಕೋಲು ಹಿಡಿದವಳು, ನನಗೆ ಎಂತ ಗೊತ್ತಾಗ್ತದೆ? ಹಿಂದಿನಿಂದ ಎಲ್ಲ ಉಲ್ಟಾ. ಆ ಕೀರ್ತನ್ ಒಬ್ಬ, ಕ್ಯಾಮೆರಾ ತಂದು ಗೊಂಬೆಯ ಮೈಗೇ ಹಿಡೀತಾನೆ. ಮೊದಲು ಲ್ಯಾಪ್‌ಟಾಪಿನಿಂದ ಕೆಮ್ಮಿನ ಸದ್ದು, ಆಂಬುಲೆನ್ಸಿನ ಸದ್ದು, ಕೊರೊನಾದ ತಟ್ಟೆ ಬಡಿದ ಸದ್ದು, ಅಷ್ಟು ಮಾತ್ರ ಇತ್ತು, ಚಂದ ಇತ್ತು. ಈಗ ಅವನಿಗೆ ಹೊಸ ಹುಚ್ಚು. ನಾನು ಗೊಂಬೆ ಕುಣಿಸಿದ್ರೆ ಅದೇ ಗೊಂಬೆ ಮೇಲಿನ ದೊಡ್ಡ ಪರದೆಯಲ್ಲಿ ಬಸ್ಸಿನಷ್ಟು ಕಾಣ್ಬೇಕಂತೆ! "ಆಂಟಿ, ಲಂಗದ ಕೆಳಗೆ ಬಿಳಿ ಬಿಳಿ ಏನೋ ಗ್ಲೋ ಆಗ್ತಿದೆ, ಸೂಪರ್ ಎಫೆಕ್ಟ್" ಅಂದ. ಎಂತ ಗ್ಲೋ? ನಾನು ಹೊಡೆದ ತೂತು ಇರ್ಬೇಕು. ಅಕ್ಷರ ಇರ್ಲಿಕ್ಕಿಲ್ಲ.

ನಿನಗೆ ಎಂತ ಕಂಡಿತು?

...ಎಂತದೂ ಇಲ್ವಾ? ಹೌದಾ. ಹಾಗಾದ್ರೆ ಆಯ್ತು.

ಅಲ್ಲ, ನಾನು ಅಲ್ಲಿಗೆ ಕಪ್ಪು ಮಾರ್ಕರ್ ಎರಡು ಸಲ ಹಚ್ಚಿದ್ದೆ... ಯಾಕೆ ಅಂದ್ರೆ? ಎಲ್ಲ ಫಿಲ್ಮಿಗೂ ಹಚ್ಚಿದ್ದೇನೆ! ನೀನೇ ಹೇಳಿದ್ದಲ್ವಾ, ಕೊಟ್ಟವರ ಹೆಸರು ಕಾಣ್ಬಾರ್ದು, ಪ್ರೈವಸಿ ಅಂತ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಎಂತದೂ ಕಾಣ್ತಿರ್ಲಿಲ್ಲ. ಆ ಹಾಳು ಲೈಟಿಗೆ ಮಾರ್ಕರ್ ತಡೀಲಿಲ್ಲ ಅಂತ ಈಗ... ಹೋಗ್ಲಿ ಬಿಡು. ಕೊಡು ಮಗಾ. ಅಷ್ಟು ಗಟ್ಟಿ ಹಿಡ್ಕೊಂಡ್ರೆ ಹರೀತದೆ.

ಮಕ್ಕಳು ಬರ್ತಾರೆ ಇವತ್ತು. ಮಾರಿಯನ್ನು ನೋಡಿ ಹೆದರ್ತಾವೆ. ಸೀವುಡ್ಸಿನ ಚಿಕ್ಕಮ್ಮ ಬರ್ತಾಳೆ, ಅಪ್ಪನ ಹೋಟೆಲಿನ ಹಳೇ ಪಾರ್ಟ್‌ನರ್‌ಗಳು ಬರ್ತಾರೆ. ಅವರಿಗೆ ಎದೆಗೂಡು ತೋರಿಸಿ ಎಂತ ಆಗ್ಲಿಕ್ಕುಂಟು? ಅವರು ನೋಡದ್ದಾ? ಚಪ್ಪಾಳೆ ಹೊಡೆದು, ಚಾ ಕುಡಿದು, ಮನೆಗೆ ಹೋಗಿ ಮಾತಾಡ್ತಾರೆ... ಮಾತಾಡುದು ಹೊಸತಲ್ಲ ಅವರಿಗೆ.

ಮತ್ತೆ ಇನ್ನೊಂದು. ನಿನ್ನ ಮೇಲೆ ಒಂದು ಸಿಟ್ಟು ಉಂಟು ನನಗೆ, ಇವತ್ತು ಹೇಳಿಬಿಡ್ತೇನೆ. ಆ ಪ್ಲೇಗಿನ ಸೀನಿನಲ್ಲಿ ಗಂಡನನ್ನು ಅಡಗಿಸಿಡುವ ಹೆಂಗಸು ಉಂಟಲ್ಲ, ಅವಳ ಮಾತು ನನಗೇ ಯಾಕೆ ಕೊಟ್ಟಿದ್ದಿ? ಎಂಟು ಜನ ಇದ್ದೇವೆ ಗುಂಪಿನಲ್ಲಿ. ಸೋಲ್ಜರುಗಳು ಮನೆ ಮನೆ ತಪಾಸಣೆಗೆ ಬರುದು, ಇವಳು ಜ್ವರ ಬಂದ ಗಂಡನನ್ನು ಅಕ್ಕಿ ಪೆಟ್ಟಿಗೆಯೊಳಗೆ ಮಲಗಿಸಿ, ಮುಚ್ಚಳದ ಮೇಲೆ ತಾನೇ ಕೂತು, ಎಲೆ ಅಡಿಕೆ ಹಾಕಿ ನಗುದು... "ಇಲ್ಲಿ ಯಾರಿಗೂ ಜ್ವರ ಇಲ್ಲ ಸಾಹೇಬ್ರೇ!" ಆ ನಗು ನನಗೆ ಬರುದೇ ಇಲ್ಲ ಅಂತ ನೀನು ಹತ್ತು ಸಲ ಮಾಡಿಸಿದ್ದಿ. "ಅಮ್ಮಾ, ಇನ್ನೂ ಸಹಜವಾಗಿ, ಇನ್ನೂ ಸಹಜವಾಗಿ" ಅಂತ. ಹನ್ನೊಂದನೇ ಸಲಕ್ಕೆ ಬಂತು. ಎಲ್ಲರೂ ವಾಹ್ ಅಂದರು. ನನಗೆ ಆವತ್ತು ನಿದ್ದೆ ಬರ್ಲಿಲ್ಲ.

ಕಡೆಗೆ ಅವಳನ್ನು ಕೆಟ್ಟವಳು ಮಾಡಿಬಿಟ್ಟಿದ್ದಿ ನೀನು. ಇಡೀ ಚಾಳಿನ ಮನೆಗಳಿಗೆಲ್ಲ ಪ್ಲೇಗ್ ಹಬ್ಬಿತು, ಅವಳ ಸುಳ್ಳಿನಿಂದ ಅಂತ. ಪುಸ್ತಕ ಓದಿ ಬರೆದದ್ದು ಸರಿ, ಆದರೆ ಆ ಹೆಂಗಸಿನ ಗತಿ ಎಂತ ಅಂತ ಯಾವ ಪುಸ್ತಕದಲ್ಲಾದ್ರೂ ಉಂಟಾ? ಹೇಳಿದ್ರೆ ಗಂಡನನ್ನು ಎತ್ತಿಕೊಂಡು ಹೋಗಿ ಪ್ಲೇಗಿನವರ ಶೆಡ್ಡಿಗೆ ಹಾಕ್ತಾರೆ. ಮನೆಗೆ ಬೀಗ. ಹೊಟ್ಟೆಗೆ? ಹೋಟೆಲಿನವನ ಎದೆಯಲ್ಲಿ ಕಲೆ ಉಂಟು ಅಂತ ಗೊತ್ತಾದ್ರೆ ಯಾರು ಬಂದು ಇಡ್ಲಿ ತಿಂತಾರೆ? ದಿನಾ ಬೆಳಿಗ್ಗೆ ಸಾಂಬಾರು ರುಚಿ ನೋಡುವವರು ಅವರೇ ಅಲ್ವಾ...

ಎಂತ? ಹೋಟೆಲ್ ಅಂದೆನಾ? ಪ್ಲೇಗಿನ ಹೆಂಗಸಿನ ಗಂಡನಿಗೆ... ಹೋಟೆಲ್ ಇರ್ಬಾರ್ದಾ? ನೂರಿಪ್ಪತ್ತು ವರ್ಷದ ಹಿಂದೆ ಹೋಟೆಲ್ ಇರ್ಲಿಲ್ವಾ? ಬಾಯಿ ತಪ್ಪಿತು ಮಾರಾಯ್ತಿ. ಅದಕ್ಕೆ ಹಾಗೆ ನೋಡುದಾ?

ಮುಖ ತಿರುಗಿಸು ಆಚೆ. ಇಲ್ಲದಿದ್ರೆ ಬಯ್ಯಿ. ಹಿಂದಿಯಲ್ಲೇ ಬಯ್ಯಿ, ಸಿಟ್ಟು ಬಂದಾಗ ನಿನಗೆ ಅದೇ ಅಲ್ವಾ ಬರುದು. ನನಗೆ ಅರ್ಥ ಆಗ್ತದೆ.

ಸರಿ. ಸರಿ ಮಗಾ. ಮಾರಿಯನ್ನು ನೀನೇ ಇಟ್ಕೋ. ಆದರೆ ಆ ಕೊನೆಯ ಸೀನ್ ಬೇಡ. ಅದೊಂದು ಬೇಡ, ನಾನು ಕಾಲು ಹಿಡೀತೇನೆ. ಎಲ್ಲ ಗೊಂಬೆ ಒಳಗೆ ಹೋದ ಮೇಲೆ ನೀನು ಒಬ್ಬಳೇ ಪರದೆಯ ಎದುರು ಬಂದು, ಅಪ್ಪನ ಗೊಂಬೆಯನ್ನು ತೊಡೆಯಲ್ಲಿ ಇಟ್ಕೊಂಡು ಹೇಳುದು ಉಂಟಲ್ಲ... "ಎರಡು ಸಾವಿರದ ಹದಿನೇಳು, ಫೆಬ್ರವರಿ. ನನಗೆ ಇಪ್ಪತ್ತು ವರ್ಷ. ಕಾಲೇಜಿನಿಂದ, ಲೋಕಲ್ ರೈಲಿನಿಂದ ನಾನು ಮನೆಗೆ ಒಂದು ರೋಗ ತಂದೆ. ನಾನು ಬದುಕಿದೆ. ನನ್ನ ಅಪ್ಪನನ್ನು ಅದು ಡಿಸೆಂಬರಿನಲ್ಲಿ ಕೊಂಡುಹೋಯ್ತು." ನನಗೆ ಬಾಯಿಪಾಠ ಬರ್ತದೆ. ಪರದೆಯ ಹಿಂದೆ ಕೂತು ಪ್ರತಿ ಸಲ ಕಿವಿಗೆ ಸೆರಗು ತುರುಕ್ತೇನೆ, ಆದ್ರೂ ಕೇಳ್ತದೆ.

ನಾನೂರು ಜನರ ಎದುರು ಹೇಳ್ಲಿಕ್ಕೆ ಹೊರಟಿದ್ದಿ ಅದನ್ನು! ಎಂತಕ್ಕೆ? ಯಾರು ಕೇಳಿದ್ದು?

ನಾನಾ? ನಾನು ಒಂದು ದಿನ ಹೇಳಿದ್ದೇನಾ ನಿನ್ನಿಂದ ಬಂತು ಅಂತ? ದೇವರಾಣೆ, ಈ ಬಾಯಿಯಿಂದ ಒಂದು ದಿನ ಹೇಳ್ಲಿಲ್ಲ! ಬೇರೆಯವರು ಹೇಳಿದರು. ಚಿಕ್ಕಮ್ಮ ಹೇಳಿದಳು, ಚೆಂಬೂರಿನ ಕಾಲೇಜಿಗೆ ಹಾಕಿದ್ದೇ ತಪ್ಪು, ಆ ಹಾರ್ಬರ್ ಲೈನಿನ ಲೇಡೀಸ್ ಡಬ್ಬದಲ್ಲಿ ಯಾರು ಯಾರು ಕೆಮ್ಮುತ್ತಾರೋ ಅಂತ. ಹೋಟೆಲಿನವರು ಹೇಳಿದರು, ಪಾಪ ಕುಶಲಣ್ಣ, ಮಗಳ ಆರೈಕೆ ಮಾಡಿ ಮಾಡಿ ತಾನು ಮಲಗಿದ ಅಂತ. ಅವರು ಹೇಳುವಾಗ ನಾನು ಸುಮ್ಮನಿದ್ದೆ.

ಸುಮ್ಮನಿದ್ದೆ ಅಷ್ಟೆ.

ನಿನಗೆ ಬೇರೆ ತಟ್ಟೆ, ಬೇರೆ ಲೋಟ ಮಾಡಿದ್ದು ನಾನು. ಹೌದು. ಬಾಲ್ಕನಿಗೆ ಪ್ಲಾಸ್ಟಿಕ್ ಕಟ್ಟಿ ಮಂಚ ಹಾಕಿದ್ದು ನಾನು. ಅಪ್ಪನಿಗೆ ಶುಗರ್ ಉಂಟು, ಅವರಿಗೆ ತಾಗ್ಬಾರ್ದು, ನೀನು ದೂರ ಇರು ಅಂದೆ. ನೀನು ಎಷ್ಟು ಪಾಪದ್ದು ಅಂದ್ರೆ, ಅಪ್ಪ ಎದುರಿನ ಕೋಣೆಗೆ ಬಂದ್ರೆ ನೀನೇ ಎದ್ದು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಳ್ತಿದ್ದಿ. ಅವರು ಹೋಟೆಲಿಗೆ ಹೊರಡುವವರೆಗೆ ಹೊರಗೆ ಬರ್ತಿರ್ಲಿಲ್ಲ. ಅವರು ಚಪ್ಪಲಿ ಹಾಕ್ಕೊಂಡು ಅಲ್ಲೇ ನಿಲ್ತಿದ್ದರು. ನಿಂತು ನನ್ನ ಮುಖ ನೋಡ್ತಿದ್ದರು. ನಾನು ಕೆಳಗೆ ನೋಡ್ತಿದ್ದೆ.

ಎಂತ ಮಾಡ್ತಿ? ಮೊಬೈಲ್ ಎಂತಕ್ಕೆ ಈಗ? ಮಾರಾಯ್ತಿ, ನನ್ನ ಕನ್ನಡಕ ಅಡಿಗೆಮನೆಯಲ್ಲಿ ಉಂಟು, ನನಗೆ ಕಾಣುದಿಲ್ಲ... ಎಂತ ಫೋಟೋ ಅದು? ಕೀರ್ತನ್ ಕಳಿಸಿದ್ದಾ? ನಿನ್ನೆಯದ್ದಾ?

ಬೇಡ. ದೊಡ್ಡದು ಮಾಡ್ಬೇಡ ಅದನ್ನು. ಓದ್ಲಿಕ್ಕೆ ಹೇಳ್ಬೇಡ ನನಗೆ. ಕನ್ನಡಕ ಬೇಡ. ಎಂತ ಬರ್ದುಂಟು ಅಂತ ನನಗೆ ಗೊತ್ತುಂಟು.

ಕುಶಲ. ಐವತ್ತೊಂದು ವರ್ಷ. ಪುರುಷ. ಎದೆ. ಹನ್ನೊಂದು, ಜೂನ್, ಎರಡು ಸಾವಿರದ ಹದಿನಾರು.

ಬೆರಳು ಮಡಚ್ಬೇಡ, ಲೆಕ್ಕ ನಾನು ಹಾಕಿ ಆಗಿದೆ. ಎಂಟು ತಿಂಗಳು. ನಿನ್ನದು ಗೊತ್ತಾಗುದಕ್ಕಿಂತ ಎಂಟು ತಿಂಗಳು ಮೊದಲು. ಹೌದು.

ಹೌದು ಮಗಾ, ಅವರಿಗೇ ಮೊದಲು ಬಂದದ್ದು.

ದೋಸೆಕಲ್ಲಿನ ಹೊಗೆಗೆ ಕೆಮ್ಮು ಅಂತ ಎಲ್ಲರಿಗೂ ಹೇಳಿದೆವು, ಮದ್ದು ಶುರು ಮಾಡಿದೆವು. ಎರಡು ತಿಂಗಳು ತಿಂದರು. ಜ್ವರ ಹೋಯ್ತು, ಮುಖ ತುಂಬಿತು. ಆಗ ಆ ಡಾಕ್ಟರು ಹೇಳಿದರು, ಹೆಸರು ಸರ್ಕಾರಕ್ಕೆ ಕೊಡ್ಬೇಕಾಗ್ತದೆ, ಮನೆಗೆ ಬಂದು ನೋಡ್ತಾರೆ, ಕೆಲಸದ ಜಾಗದಲ್ಲೂ ವಿಚಾರಿಸ್ತಾರೆ ಅಂತ. ಅಪ್ಪ ಹೆದರ್ಲಿಲ್ಲ. ಹೆದರಿದ್ದು ನಾನು. ನೌಪಾಡಾದಲ್ಲಿ ನಮ್ಮ ಹೋಟೆಲು ಅಂದ್ರೆ ಜನ ಕ್ಯೂ ನಿಲ್ತಿದ್ದರು ಮಗಾ. ಕಾಯಿಲೆ ವಾಸಿ ಆಗಿದೆಯಲ್ಲ, ಇನ್ನು ಅಲ್ಲಿಗೆ ಹೋಗುದು ಬೇಡ ಅಂದೆ. ಮದ್ದಿನ ಡಬ್ಬ ನಾನೇ ಎತ್ತಿಟ್ಟೆ. ಪ್ಲೇಗಿನ ಹೆಂಗಸು ಪೆಟ್ಟಿಗೆಯ ಮೇಲೆ ಕೂತದ್ದು ಒಂದು ಮಧ್ಯಾಹ್ನ. ನಾನು ಎಂಟು ವರ್ಷದಿಂದ ಕೂತಿದ್ದೇನೆ.

ಆ ಫಿಲ್ಮನ್ನು ಬಿಸಾಡ್ಬಹುದಿತ್ತಲ್ಲ ಅಂತ ನೋಡ್ತಿದ್ದಿಯಾ? ಎಲ್ಲಿಗೆ? ಸೊಸೈಟಿಯ ಕಚರಾ ಡಬ್ಬದಲ್ಲಿ ಹಾಕಿದ್ರೆ ಕಸ ತೆಗೆಯುವ ದಾನಮ್ಮ ಒಣ ಕಸ ಬೇರೆ ಮಾಡುವಾಗ ಹೆಸರು ನೋಡ್ತಾಳೆ, "ನಿಮ್ಮ ಯಜಮಾನರದ್ದು ಅಲ್ಲೇನ್ರಿ ಇದು" ಅಂತ ವಾಪಸ್ಸು ತಂದು ಕೊಡ್ತಾಳೆ. ಸುಡುವ ಅಂದ್ರೆ ವಾಸನೆ ಇಡೀ ಮಾಳಿಗೆಗೆ. ಮತ್ತೆ... ಅವರ ಎದೆ ಅಲ್ವಾ ಅದು. ನನಗೆ ಮನಸ್ಸು ಬರ್ಲಿಲ್ಲ. ನೀನು ಹಳೇ ಎಕ್ಸ್‌ರೇ ಬೇಕು ಅಂದಾಗ, ಇದೇ ಒಳ್ಳೇದು ಅಂತ ಕಂಡಿತು. ಕತ್ತರಿಸಿ, ತೂತು ಹೊಡೆದು ಮಾರಿಯ ಲಂಗ ಮಾಡಿದ್ರೆ ಯಾರಿಗೆ ಗೊತ್ತಾಗ್ತದೆ? ನನ್ನ ಕೈಯಲ್ಲೇ ಇರ್ತದೆ. ಕತ್ತಲೆಯಲ್ಲಿ ಕೂತು ಕೋಲು ಆಡಿಸುವಾಗ ಆ ಪಕ್ಕೆಲುಬು ಹಿಂದೆ ಮುಂದೆ ಆಗ್ತದೆ, ಉಸಿರು ಎಳೆದ ಹಾಗೆ... ನಾನು ಅವರ ಹತ್ರ ಮಾತಾಡ್ತಿದ್ದೆ ಮಗಾ. ಪ್ರತಿ ರಿಹರ್ಸಲ್ಲಿನಲ್ಲಿ. ನೀವೆಲ್ಲ ಮಾರಿಯ ಪದ ಹಾಡ್ತಿರುವಾಗ ನಾನು ಹಿಂದೆ ಅವರ ಹತ್ರ ಕ್ಷಮೆ ಕೇಳ್ತಿದ್ದೆ.

ನಿನ್ನ ಹತ್ರ ಕೇಳ್ಲಿಲ್ಲ. ನಿನ್ನ ಹತ್ರ ಕೇಳ್ಬೇಕಾದ್ರೆ ಹೇಳ್ಬೇಕಿತ್ತಲ್ಲ.

ಈಗ ಹೇಳಿದೆ. ಆಯ್ತಲ್ಲ? ಇನ್ನು ನೀನು ಆ ಕೊನೆಯ ಮಾತು ಹೇಳುದು ಬೇಡ. ನೀನು ಕೊಲ್ಲಲಿಲ್ಲ ಯಾರನ್ನೂ. ನಿನಗೆ ಕೊಟ್ಟದ್ದೇ ನಾವು. ಅಪ್ಪ ಅಲ್ಲ, ಅಪ್ಪನ ತಪ್ಪಿಲ್ಲ, ನಾನು. ಹೊಡಿ ಬೇಕಾದ್ರೆ. ಚೀರು. ಆ ದೋಸೆ ತಟ್ಟೆ ಎತ್ತಿ ಗೋಡೆಗೆ ಬಿಸಾಡು! ಎಂತಾದ್ರೂ ಒಂದು ಮಾಡು, ಹೀಗೆ ಕೂರ್ಬೇಡ.

ದಾನೆ, ಎಂತ ಮಗಾ? ಎಂತ ಬೇಕು ನಿನಗೆ? ಇನ್ನು ಎಂತ ಉಂಟು ನನ್ನ ಹತ್ರ?

ಓ...

ಅದಾ.

ಅದನ್ನು ಕೇಳ್ಬೇಡ. ಬಾಯಿಬಿಟ್ಟು ಕೇಳ್ಲಿಲ್ಲ ನೀನು, ಆದರೆ ಕೇಳ್ತಿದ್ದಿ, ನನಗೆ ಗೊತ್ತಾಗ್ತದೆ. ನಿನ್ನನ್ನು ಹೊಟ್ಟೆಯಲ್ಲಿ ಇಟ್ಕೊಂಡವಳು ನಾನು. ಅಪ್ಪನಿಗೆ ಗೊತ್ತಿತ್ತಾ ಅಂತ ಅಲ್ವಾ? ತನ್ನಿಂದ ಬಂದದ್ದು ಅಂತ ಗೊತ್ತಿದ್ದೂ, ಮಗಳು ಅಳುದನ್ನು ನೋಡ್ತಾ ಸುಮ್ಮನೆ ಹೋದರಾ ಅಂತ.

ಗೊತ್ತಿತ್ತು.

ಇಲ್ಲ ಇಲ್ಲ, ಕೇಳು, ಎದ್ದು ಹೋಗ್ಬೇಡ, ಕೂತ್ಕೋ! ಗೊತ್ತಿತ್ತು, ಆದರೆ ಸುಮ್ಮನೆ ಹೋಗ್ಲಿಲ್ಲ. ಕಡೆಯ ವಾರ. ಒಳಗಿನ ಕೋಣೆಯಲ್ಲಿ ಸಿಲಿಂಡರ್ ಇಟ್ಟಿತ್ತು. ಮಾತು ಬರುದು ಕಷ್ಟ ಇತ್ತು ಅವರಿಗೆ, ಒಂದು ಶಬ್ದ ಹೇಳಿ ನಾಲ್ಕು ಸಲ ಉಸಿರು. "ಮಾನಸಿಯನ್ನು ಕರಿ" ಅಂದರು. ನಾನು ಕೇಳದ ಹಾಗೆ ಮಾಡಿದೆ. ಮರುದಿನ ಮತ್ತೆ ಅಂದರು. "ಕರಿ. ಅವಳಿಗೆ ಒಂದು ಮಾತು ಹೇಳಿ ಹೋಗ್ತೇನೆ." ಆಗ ನಿನ್ನ ಮದ್ದು ಮುಗಿದಿತ್ತು. ನಿನ್ನಿಂದ ಇನ್ನು ಯಾರಿಗೂ ತಾಗುದಿಲ್ಲ, ಧಾರಾಳವಾಗಿ ಅಪ್ಪನ ಹತ್ರ ಕೂರ್ಲಿ ಅಂತ ಡಾಕ್ಟರು ನನ್ನ ಹತ್ರ ಹೇಳಿದ್ದರು. ನಿನಗೆ ನಾನು ಅದನ್ನೂ ಹೇಳ್ಲಿಲ್ಲ. ನೀನು ಮಾಸ್ಕ್ ಹಾಕ್ಕೊಂಡು ಹೊಸ್ತಿಲ ತನಕ ಬಂದಿದ್ದಿ. ಅವರು ಕೈ ಎತ್ತಿದರು. ನಿನಗೆ ಕಾಣ್ಲಿಲ್ಲ, ನಾನು ಅಡ್ಡ ನಿಂತಿದ್ದೆ. "ಬೇಡ ಮಗಾ, ನಿನ್ನ ಉಸಿರು ಅಪ್ಪನಿಗೆ ಆಗುದಿಲ್ಲ" ಅಂತ ಹೇಳಿ ನಿನ್ನ ಮುಖಕ್ಕೇ ಬಾಗಿಲು ಹಾಕಿದೆ. ಚಿಲಕ ಹಾಕಿದೆ.

ನೀನು ಹೊರಗೆ ನೆಲದಲ್ಲಿ ಕೂತು "ಅಪ್ಪಾ ಸಾರಿ, ಅಪ್ಪಾ ಸಾರಿ" ಅಂತ ಹೇಳ್ತಾ ಇದ್ದಿ. ಒಳಗೆ ಎಲ್ಲ ಕೇಳ್ತಿತ್ತು. ಅವರಿಗೂ ಕೇಳ್ತಿತ್ತು. ಬಾಗಿಲು ತೆಗಿ ಅಂತ ನನ್ನ ಸೀರೆ ಹಿಡಿದು ಎಳೆದರು.

ನಿನ್ನ ಉಸಿರಿಗೆ ಹೆದರಿ ಹಾಕಿದ್ದಲ್ಲ ಆ ಬಾಗಿಲು. ಅವರು ನಿನಗೆ ಹೇಳಿಬಿಡ್ತಾರೆ ಅಂತ.